ಬಾವುಟ ಬದಲಾದ ಮೇಲೆ: ಕೊಪ್ಪಳ ಸೀಮೆಯ ಹೋರಾಟಗಳೂ ಜೇಮ್ಸ್ ಕಾನಲಿಯವರ ಪ್ರಶ್ನೆಯೂ

ಪರಕೀಯರ ಬಾವುಟ ಇಳಿದರೆ ಸಾಲದು, ಭೂಮಿ ಮತ್ತು ದುಡಿಮೆಯ ಮೇಲಿನ ಒಡೆತನವೂ ಬದಲಾಗಬೇಕು. ಐರ್ಲೆಂಡಿನ ಸಮಾಜವಾದಿ ಜೇಮ್ಸ್ ಕಾನಲಿ (1868–1916) ಅವರ ವಿಚಾರದ ತಿರುಳು ಇದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹೋರಾಟಗಳು ಅವರನ್ನು ಓದಿ ಹುಟ್ಟಿದವಲ್ಲ, ತಮ್ಮ ನೆಲದ ಸಂಕಟದಿಂದ ಹುಟ್ಟಿದವು. ಆದರೂ ಎಪ್ಪತ್ತೈದು ವರ್ಷಗಳಿಂದ ಅವು ಕೇಳುತ್ತ ಬಂದಿರುವುದು ಇದೇ ಒಡೆತನದ ಪ್ರಶ್ನೆಯನ್ನು.

ಕಾನಲಿಯವರಿಗೂ ಕರ್ನಾಟಕಕ್ಕೂ ಒಂದು ನೇರ ಕೊಂಡಿಯಿದೆ. 1913ರಲ್ಲಿ ಡಬ್ಲಿನ್ನಿಗೆ ಕಾನೂನು ಓದಲು ಹೋದ ವಿ.ವಿ. ಗಿರಿ ಅಲ್ಲಿನ ಕಾರ್ಮಿಕ ಹೋರಾಟವನ್ನು ಹತ್ತಿರದಿಂದ ಕಂಡು ಕಾನಲಿಯವರ ಪ್ರಭಾವಕ್ಕೆ ಒಳಗಾದರು. ಬ್ರಿಟಿಷ್ ಆಳ್ವಿಕೆಯ ವಿರುದ್ಧದ 1916ರ ಈಸ್ಟರ್ ದಂಗೆಯಲ್ಲಿ ಗಾಯಗೊಂಡಿದ್ದ ಕಾನಲಿಯವರನ್ನು ಬ್ರಿಟಿಷರು ಕುರ್ಚಿಗೆ ಕಟ್ಟಿ ಗುಂಡಿಕ್ಕಿ ಕೊಂದರು. ಅದೇ ವರ್ಷ ಐರ್ಲೆಂಡ್ ಬಿಟ್ಟು ಬಂದ ಗಿರಿಯವರು ಭಾರತದಲ್ಲಿ ರೈಲ್ವೆ ಕಾರ್ಮಿಕರನ್ನು ಸಂಘಟಿಸಿದರು. 1965ರಿಂದ 1967ರವರೆಗೆ ಮೈಸೂರು (ಇಂದಿನ ಕರ್ನಾಟಕ) ರಾಜ್ಯದ ರಾಜ್ಯಪಾಲರಾಗಿದ್ದರು.

ಕೊಪ್ಪಳದ ಪ್ರತಿರೋಧಕ್ಕೆ ಇನ್ನೂ ಹಳೆಯ ಬೇರಿದೆ. ಮುಂಡರಗಿ ಭೀಮರಾಯ 1858ರಲ್ಲಿ ಬ್ರಿಟಿಷರೊಡನೆ ಹೋರಾಡಿ ಮಡಿದದ್ದು ಕೊಪ್ಪಳದ ಕೋಟೆಯಲ್ಲಿ. 1947ರ ಆಗಸ್ಟ್‌ನಲ್ಲಿ ದೇಶ ಸ್ವತಂತ್ರವಾದಾಗ ಈ ಸೀಮೆ ಇನ್ನೂ ನಿಜಾಮರ ಆಳ್ವಿಕೆಯಲ್ಲಿತ್ತು. ನಿಜಾಮರ ವಿರುದ್ಧದ ಈ ಮೊದಲ ಘಟ್ಟದಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿ ಹೋರಾಟಗಾರರ ಮುಂಡರಗಿ ಶಿಬಿರದಿಂದ ಹೋರಾಟ ನಡೆಸಿದರು. ಬಿಡುಗಡೆ ಸಿಕ್ಕಿದ್ದು 1948ರ ಸೆಪ್ಟೆಂಬರ್‌ನಲ್ಲಿ. ಬಾವುಟವೇನೋ ಬದಲಾಯಿತು, ಹೊಲ ಯಾರದೆಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಎರಡನೆಯ ಘಟ್ಟ ನೀರು ಮತ್ತು ಭೂಮಿಯದು. ತುಂಗಭದ್ರೆಯ ಎಡದಂಡೆ ಕಾಲುವೆ ಗಂಗಾವತಿಯನ್ನು ಭತ್ತದ ಕಣಜವಾಗಿಸಿತು. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾದ ಬಡವರು ಗುಳೆ ಹೋಗುವುದು ತಪ್ಪಲಿಲ್ಲ. 1974ರಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ಗೇಣಿದಾರರಿಗೆ ಒಡೆತನ ಕೊಟ್ಟಿತು. ಆದರೆ ಗೇಣಿಯ ಹಕ್ಕೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದವರಿಗೆ ಅದರಿಂದ ಹೊಲ ಸಿಗಲಿಲ್ಲ. ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿ ಕೃಷಿಕರಲ್ಲದವರಿಗೂ ಜಮೀನು ಕೊಳ್ಳುವ ದಾರಿ ತೆರೆದಾಗ ರೈತ ಸಂಘಟನೆಗಳು ಬೀದಿಗಿಳಿದದ್ದು ಇದ್ದ ಹೊಲವೂ ಕೈತಪ್ಪೀತೆಂಬ ಭಯದಿಂದ.

ಮೂರನೆಯ ಘಟ್ಟ ದುಡಿಯುವವರೊಳಗಿನ ಬಿರುಕನ್ನು ಎದುರಿಸಿದ್ದು. 1911ರಿಂದ ಬೆಲ್‌ಫಾಸ್ಟ್‌ನಲ್ಲಿ ಬಂದರು ಕೂಲಿಗಳನ್ನೂ ನೂಲಿನ ಗಿರಣಿಯ ಹೆಂಗಸರನ್ನೂ ಸಂಘಟಿಸಿದ ಕಾನಲಿಯವರಿಗೆ, ಕ್ಯಾಥೊಲಿಕ್–ಪ್ರಾಟೆಸ್ಟಂಟ್ ಭೇದ ಕಾರ್ಮಿಕರನ್ನು ಒಡೆಯುವುದು ಕಣ್ಣೆದುರೇ ಕಂಡಿತು. ಇಲ್ಲಿ ಒಡೆಯುವುದು ಜಾತಿ. 2014ರ ಆಗಸ್ಟ್‌ನಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಹಚ್ಚಲಾಯಿತು. ಹತ್ತು ವರ್ಷಗಳ ನಂತರ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪ್ರಕರಣ ಮುಂದೆ ಹೈಕೋರ್ಟ್ ತಲುಪಿತು. ಕೂಲಿಯ ಹೋರಾಟ ಕೇರಿಯ ಮಾನದ ಹೋರಾಟವೂ ಆಗದೆ ಗೆಲ್ಲದು ಎಂಬ ಪಾಠ ಇಲ್ಲಿದೆ. ಅದನ್ನು ಕಲಿಸಿದವರು ಅಂಬೇಡ್ಕರ್. ದುಡಿಯುವ ಹೆಣ್ಣಿಗೆ ಎರಡು ಪಟ್ಟು ದಾಸ್ಯ ಎಂಬ ಕಾನಲಿಯವರ ನೋಟವನ್ನು ಮಾಜಿ ದೇವದಾಸಿಯರ, ಅಂಗನವಾಡಿ ಮತ್ತು ಬಿಸಿಯೂಟ ನೌಕರರ ಸಂಘಟನೆಗಳು ತಮ್ಮ ಬದುಕಿನಿಂದಲೇ ದೃಢಪಡಿಸಿವೆ.

ಈಗಿನ ಘಟ್ಟ ಗಾಳಿ ಮತ್ತು ಆರೋಗ್ಯದ್ದು. ಉಕ್ಕಿನ ಕಾರ್ಖಾನೆಯ ವಿಸ್ತರಣೆಯನ್ನು ವಿರೋಧಿಸಿ 2025ರ ಫೆಬ್ರವರಿ 24ರಂದು ಕೊಪ್ಪಳ ಬಂದ್ ಆಯಿತು. ಗವಿಮಠದ ಸ್ವಾಮೀಜಿಯವರೂ ಜನರೊಡನೆ ನಿಂತರು. ಹೊಗೆ–ಬೂದಿ ಎಲ್ಲ ಜಾತಿಯ ಮನೆಗೂ ನುಗ್ಗುವುದರಿಂದ ರೈತ, ವ್ಯಾಪಾರಿ, ಸಾಹಿತಿ, ವಿದ್ಯಾರ್ಥಿ ಒಂದೇ ಮೆರವಣಿಗೆಯಲ್ಲಿ ಕಂಡರು.

ಆದರೆ ಈ ಒಗ್ಗಟ್ಟಿನ ನಿಜವಾದ ಪರೀಕ್ಷೆ ಮುಂದಿದೆ. ಕಾರ್ಖಾನೆಯ ಗುತ್ತಿಗೆ ಕೂಲಿಗೆ ಕೆಲಸ ಬೇಕು, ಪಕ್ಕದ ಊರಿನ ರೈತನಿಗೆ ಶುದ್ಧ ಗಾಳಿ ಬೇಕು. ಇಬ್ಬರನ್ನೂ ಎದುರುಬದುರು ನಿಲ್ಲಿಸುವುದು ಬಂಡವಾಳಕ್ಕೆ ಸುಲಭ. ಇಂದಿನ ಕಾರ್ಯಕರ್ತರು ಕಾನಲಿಯವರಿಂದ ಪಡೆಯಬೇಕಾದದ್ದು ಘೋಷಣೆಯನ್ನಲ್ಲ, ಕೆಲಸದ ರೀತಿಯನ್ನು. ಭತ್ತದ ಗದ್ದೆಯ ಕೂಲಿ, ಗುಳೆ ಹೋದ ಕುಟುಂಬ, ಕಾರ್ಖಾನೆಯ ಗುತ್ತಿಗೆ ಕಾರ್ಮಿಕ, ಹೊಲ ಕಳೆದುಕೊಂಡ ರೈತ ಒಂದೇ ಸಂಘಟನೆಯಲ್ಲಿ ಸಮನಾಗಿ ಕೂತು ತಮ್ಮ ಬೇಡಿಕೆಯನ್ನು ತಾವೇ ಬರೆಯಬೇಕು. 1948ರ ಬಿಡುಗಡೆ ಆಗ ಈ ಸೀಮೆಯ ಕಟ್ಟಕಡೆಯ ಮನೆಯನ್ನೂ ಮುಟ್ಟುತ್ತದೆ.