ಕಲ್ಪತರು ನಾಡಿನ ಮಡಕೆಗೆ ಗ್ಲೇಜ್

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಕುಂಬಾರರ ಮಡಕೆ, ಕುಡಿಕೆಗಳಿಗೆ ಗ್ಲೇಜ್ ಹಚ್ಚುವ ರೂಢಿ ಬೆಳೆಯಲಿಲ್ಲ. ಇದನ್ನು ಹಿಂದುಳಿದಿರುವಿಕೆ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಬೇಸಿಗೆಯಲ್ಲಿ ಮಡಕೆಯ ನೀರು ತಣ್ಣಗಿರುವುದು ಅದರ ಮೈಯಿಂದ ಒಸರಿ ಆವಿಯಾಗುವುದರಿಂದ. ಗ್ಲೇಜ್ ಎಂದರೆ ಗಾಜಿನ ಪದರ. ಹಚ್ಚಿದರೆ ಆ ದಾರಿಯೇ ಮುಚ್ಚಿಹೋಗುತ್ತದೆ.

ಮಣ್ಣಿನ ಮೇಲೆ ಪದರ ಹಚ್ಚುವ ವಿದ್ಯೆ ಮಾತ್ರ ಈ ಸೀಮೆಗೆ ಹೊಸದಲ್ಲ. ಉತ್ತರಕ್ಕೆ, ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದಾಗ ಉಜ್ಜಿ ನುಣುಪು ಮಾಡಿದ ನವಶಿಲಾಯುಗದ ಪಾತ್ರೆಗಳು, ಕಪ್ಪು-ಕೆಂಪು ಎರಡು ಬಣ್ಣದ ಬೃಹತ್ ಶಿಲಾಯುಗದ ಪಾತ್ರೆಗಳು, ಅವುಗಳ ನಂತರ ಬಿಳಿ ಗೆರೆಚಿತ್ತಾರವೂ ಕೆಂಗಂದು ಲೇಪವೂ ಕೂಡಿದ ಪಾತ್ರೆಗಳು ಸಿಕ್ಕವು. ಇವ್ಯಾವುದೂ ಗಾಜಲ್ಲ. ಕರ್ನಾಟಕದಲ್ಲಿ ಗ್ಲೇಜ್ ವೈಭವದಿಂದ ಕಾಣುವುದು ಬೀದರಿನಲ್ಲಿ, 1472ರ ಮಹಮೂದ್ ಗವಾನ್ ಮದರಸದ ಬಣ್ಣದ ಹಂಚುಗಳಲ್ಲಿ. ಆದರೆ ಅದು ಕಟ್ಟಡದ ಅಲಂಕಾರ, ಅಡುಗೆಮನೆಗೆ ಇಳಿಯಲಿಲ್ಲ. ಗ್ಲೇಜ್ ಹಚ್ಚಿದ ಉಪ್ಪಿನಕಾಯಿ ಜಾಡಿ ನಮ್ಮ ಮನೆಗಳಿಗೆ ಹೊರಗಿನಿಂದಲೇ ಬಂತು.

1930ರ ದಶಕದಲ್ಲಿ ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ಪಿಂಗಾಣಿ ಕಾರ್ಖಾನೆ ನಡೆಸಿತು. ಅದರ ಗಮನ ವಿದ್ಯುತ್ ಕಂಬದ ಇನ್ಸುಲೇಟರುಗಳ ಮೇಲಿತ್ತು. ಕುಂಬಾರರ ಹತ್ತಿರಕ್ಕೆ ಗ್ಲೇಜಿನ ವಿದ್ಯೆಯನ್ನು ತಂದದ್ದು ಬೆಳಗಾವಿ ಜಿಲ್ಲೆಯ ಖಾನಾಪುರದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ. 1971ರಲ್ಲಿ ಪುದುಚೇರಿಯಲ್ಲಿ ರೇ ಮೀಕರ್, ಡೆಬೊರಾ ಸ್ಮಿತ್ ಆರಂಭಿಸಿದ ಗೋಲ್ಡನ್ ಬ್ರಿಡ್ಜ್ ಪಾಟರಿ ಸ್ಟುಡಿಯೋ ಕುಂಬಾರಿಕೆಯ ಒಂದು ಪೀಳಿಗೆಯನ್ನೇ ಬೆಳೆಸಿತು.

ಪದರದ ಮೇಲೆ ಪದರ ಕೂರಿಸುವುದು ಇಂಥ ಸ್ಟುಡಿಯೋಗಳಲ್ಲಿ ಬಹಳ ಸೂಕ್ಷ್ಮದ ಕೆಲಸ. ಸುಮಾರು 900ರಿಂದ 1000 ಡಿಗ್ರಿಯಲ್ಲಿ ಒಮ್ಮೆ ಸುಟ್ಟ ಪಾತ್ರೆಯನ್ನು ಗ್ಲೇಜಿನ ಬಗ್ಗಡದಲ್ಲಿ ಅದ್ದಿದರೆ ಮಣ್ಣು ನೀರನ್ನು ಹೀರಿ ಪುಡಿಯನ್ನು ಮೈಮೇಲೆ ಹಿಡಿದುಕೊಳ್ಳುತ್ತದೆ. ಒದ್ದೆಯ ಹೊಳಪು ಆರಿದ ಕೂಡಲೇ ಎರಡನೆಯ ಅದ್ದು. ಪೂರ್ತಿ ಒಣಗಲು ಬಿಟ್ಟರೆ ಮೇಲಿನ ಪದರ ಬಿರಿದು ಏಳಬಹುದು. ಬೇರೆಬೇರೆ ಗ್ಲೇಜುಗಳು ಕೂಡಿದಲ್ಲಿ ಒಂಟಿಯಾಗಿ ಕರಗುವುದಕ್ಕಿಂತ ಕಡಿಮೆ ಶಾಖಕ್ಕೇ ಕರಗಿ ಹರಿಯುವುದುಂಟು. ಅದಕ್ಕೇ ಎರಡನೆಯದನ್ನು ಅಂಚಿನಿಂದ ಅರ್ಧಕ್ಕೆ ನಿಲ್ಲಿಸಿ ಬುಡವನ್ನು ಬರಿದಾಗಿ ಬಿಡುತ್ತಾರೆ. ಇಲ್ಲದಿದ್ದರೆ ಪಾತ್ರೆ ಭಟ್ಟಿಯ ಹಲಗೆಗೇ ಅಂಟಿಬಿಡುತ್ತದೆ. ಎರಡೂ ಬೆರೆತ ಪಟ್ಟಿಯಲ್ಲಿ ಮಾತ್ರ ಮೂರನೆಯ ಬಣ್ಣವೊಂದು ಹುಟ್ಟುತ್ತದೆ.

ನೀರಿನ ಮಡಕೆಗೆ ಬೇಡವಾದರೂ ಜಾಡಿಯಂಥ ಪಾತ್ರೆಗಳ ಗ್ಲೇಜಿಗೆ ಬೇಕಾದ ಸರಕು ನಮ್ಮ ಕಾಲಡಿಯಲ್ಲೇ ಇದೆ. ತೆಂಗಿನ ಮಟ್ಟೆಯ ಬೂದಿಯಲ್ಲಿ ಪೊಟ್ಯಾಷ್ ಹೇರಳ. ಸಿಲಿಕಾವನ್ನು ಬೇಗ ಕರಗಿಸಲು ಅದು ನೆರವಾಗುತ್ತದೆ. ಚಿಕ್ಕನಾಯಕನಹಳ್ಳಿಯ ಗುಡ್ಡಗಳಲ್ಲಿ ಕಬ್ಬಿಣದ ಅದಿರಿದೆ, ಮ್ಯಾಂಗನೀಸ್ ಇದೆ. ಕಂದು, ಕಪ್ಪು ಗ್ಲೇಜುಗಳ ಬಣ್ಣ ಹುಟ್ಟುವುದು ಇವೆರಡರಿಂದಲೇ. ಅಡ್ಡಿಯಾಗುವುದು ಶಾಖ. ಬೂದಿಯ ಗ್ಲೇಜ್ ಕರಗಲು ಸಾಮಾನ್ಯವಾಗಿ 1200 ಡಿಗ್ರಿ ದಾಟಬೇಕು. ಕೆರೆಯ ಮಣ್ಣು ಅಷ್ಟು ಬಿಸಿಗೆ ಕುಸಿದು ಬೀಳುತ್ತದೆ. ಕಡಿಮೆ ಶಾಖಕ್ಕೆ ಹಿಂದಿನವರ ಉಪಾಯ ಸೀಸ. ಉಪ್ಪಿನಕಾಯಿಯ ಹುಳಿಗೆ ಅದು ಕರಗಿ ವಿಷವಾಗುತ್ತದೆ, ಬೇಡವೇ ಬೇಡ. ಬೋರಾಕ್ಸ್ ಬೆರೆಸಿ ಕರಗಿಸಿ ಪುಡಿಮಾಡಿದ ಗಾಜನ್ನು ಆಧಾರವಾಗಿಟ್ಟು, ಬೂದಿ ಮತ್ತು ಅದಿರನ್ನು ಸ್ವಲ್ಪವೇ ಸೇರಿಸಿ ಸಣ್ಣ ಬಿಲ್ಲೆಗಳ ಮೇಲೆ ಪರೀಕ್ಷಿಸುವುದು ಸರಿಯಾದ ಹಾದಿ. ಮಟ್ಟೆಯ ಬೂದಿಯನ್ನು ತೊಳೆದರೆ ಪೊಟ್ಯಾಷ್ ನೀರಿನೊಂದಿಗೆ ಹೋಗುತ್ತದೆ, ತೊಳೆಯದಿದ್ದರೆ ಕೈ ಸುಡುತ್ತದೆ. ಮ್ಯಾಂಗನೀಸಿನ ಹೊಗೆಯಂತೂ ನರಗಳಿಗೆ ಕೇಡು; ಅದನ್ನು ಗಾಳಿಯಾಡುವ ಬಯಲಿನಲ್ಲೇ ಸುಡಬೇಕು.