ನಾಗರಬಾವಿಯ ಹದ್ದು, ಬನ್ನೇರುಘಟ್ಟದ ಕರಡಿ

ನಾಗರಬಾವಿ. ಹೆಸರಿನಲ್ಲೇ ನಾಗರವೂ ಇದೆ, ಬಾವಿಯೂ ಇದೆ. ಒಂದು ಕಾಲದ ಈ ಹಳ್ಳಿ ಬಿಡಿಎ ಬಡಾವಣೆಯಾಗಿ ಬೆಂಗಳೂರಿನೊಳಗೆ ಸೇರಿಹೋಯಿತು. ಪಕ್ಕದಲ್ಲೇ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ, ಸಾವಿರ ಎಕರೆಗೂ ಮಿಕ್ಕ ಜಾಗ. ಹಾವು, ಮುಂಗುಸಿ, ನವಿಲುಗಳಿಗೆ ಅದೇ ಆಸರೆ. ಅದರಾಚೆ ರಸ್ತೆ, ಕರೆಂಟ್ ತಂತಿ, ಹದ್ದಿನ ರೆಕ್ಕೆ ಕೊಯ್ಯುವ ಮಾಂಜಾ ದಾರ. ನೈಲಾನ್ ಮಾಂಜಾವನ್ನು ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ. ಆದರೂ ದಾರ ಮರಗಳಲ್ಲಿ ನೇತಾಡುತ್ತಲೇ ಇದೆ.

ಹೀಗೆ ಗಾಯಗೊಂಡ ಜೀವಗಳಿಗಾಗಿ ಈ ಭಾಗದಲ್ಲೊಂದು ಆಸ್ಪತ್ರೆ ಇದೆ. 1996ರಲ್ಲಿ ಶುರುವಾದ ಪೀಪಲ್ ಫಾರ್ ಅನಿಮಲ್ಸ್ ಬೆಂಗಳೂರು ಘಟಕ ಕೆಂಗೇರಿ ಬಳಿ, ಉತ್ತರಹಳ್ಳಿ ರಸ್ತೆಯಲ್ಲಿ ಅದನ್ನು ನಡೆಸುತ್ತಿದೆ. ಅಲ್ಲಿ ಗಾಯ ಮಾಯುವುದು ಅರ್ಧ ಕೆಲಸ. ಹದ್ದು ಮತ್ತೆ ಹಾರಬೇಕು, ತನ್ನ ಆಹಾರ ತಾನೇ ಹುಡುಕಬೇಕು. ಆಗಲೇ ಕೆಲಸ ಮುಗಿದಂತೆ.

ಮರಳಿ ಕಳಿಸುವುದು ಯಾಕೆ ಅಷ್ಟು ಮುಖ್ಯ? ಕರಡಿ ಕುಣಿತ ನೆನಪಿದೆಯೇ? ನಮ್ಮೂರುಗಳಿಗೂ ಕಲಂದರರು ಬರುತ್ತಿದ್ದರು. ಮಕ್ಕಳ ತಾಯತಕ್ಕೆಂದು ನಾವು ಕರಡಿಕೂದಲು ಕೊಳ್ಳುತ್ತಿದ್ದೆವು. ಆ ಕರಡಿಗಳನ್ನು ಮರಿಯಿದ್ದಾಗಲೇ ಕಾಡಿನಿಂದ ಕದ್ದು, ಹಲ್ಲು ಮುರಿದು, ಮೂಗು ಚುಚ್ಚಿ ಹಗ್ಗ ಹಾಕುತ್ತಿದ್ದರು. 1972ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದರೂ ಕುಣಿತ ನಿಲ್ಲಲಿಲ್ಲ. ಕೊನೆಗೆ ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಕಲಂದರರಿಗೆ ಬೇರೆ ದುಡಿಮೆಯ ದಾರಿ ತೋರಿಸಿ ಕರಡಿಗಳನ್ನು ಬಿಡಿಸಿಕೊಂಡಿತು. ದೇಶದ ಕೊನೆಯ ಕುಣಿಯುವ ಕರಡಿ ಎಂದು ಗುರುತಿಸಲಾದ ‘ರಾಜು’ವಿನ ಹಗ್ಗ 2009ರ ಡಿಸೆಂಬರಿನಲ್ಲಿ ಬನ್ನೇರುಘಟ್ಟದಲ್ಲಿ ಬಿಚ್ಚಿತು.

ಹಗ್ಗ ಬಿಚ್ಚಿತು, ಕಾಡು ಮಾತ್ರ ಸಿಗಲಿಲ್ಲ. ಹಲ್ಲಿಲ್ಲದ, ಕಾಡಿನ ಬದುಕು ಕಲಿಯದ ಕರಡಿಗಳು ಕೇಂದ್ರದಲ್ಲೇ ಉಳಿಯಬೇಕಾಯಿತು. ಮನುಷ್ಯರ ಕೈಯಲ್ಲಿ ಬೆಳೆದ ಮರಿಗೆ ಹಿಂದಿರುಗುವ ದಾರಿ ಹೀಗೆ ಮುಚ್ಚಿಹೋಗುತ್ತದೆ.

ಈ ಮಾತು ನಮ್ಮ ಹೊಲಕ್ಕೂ ಅನ್ವಯಿಸುತ್ತದೆ. ಕಬ್ಬು ಕಡಿಯುವಾಗ ಚಿರತೆ ಮರಿ ಕಂಡರೆ ಎತ್ತಿಕೊಂಡು ಫೋಟೊ ತೆಗೆಯುವವರೇ ಹೆಚ್ಚು. ತಾಯಿ ಅಲ್ಲೇ ಎಲ್ಲೋ ಇರುತ್ತದೆ. ಅದಕ್ಕೇ ಅರಣ್ಯ ಇಲಾಖೆಯವರು ಮರಿಗಳನ್ನು ಸಿಕ್ಕಲ್ಲೇ ಇಟ್ಟು, ತಾಯಿ ಬಂದು ಒಯ್ಯಲೆಂದು ಕಾಯುತ್ತಾರೆ. ಗೂಡಿನಿಂದ ಬಿದ್ದ ಗಿಳಿಮರಿಯನ್ನು ಪಂಜರಕ್ಕೆ ಹಾಕಿದರೆ ಅದು ಸಾಕಿದಂತಲ್ಲ, ಕಾಯ್ದೆಯ ಪ್ರಕಾರ ಅಪರಾಧ.

ಆದ್ದರಿಂದ ಮುಟ್ಟುವ ಮೊದಲು ದೂರ ಸರಿದು ನೋಡೋಣ. ಗಾಯವಾಗಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡೋಣ. ಗಾಯವಿಲ್ಲದಿದ್ದರೆ ತಾಯಿ ಬರಲು ಜಾಗ ಬಿಡೋಣ.