ಕೋಳಿಗೂಡಿನಿಂದ ಮಂಗಳನ ಅಂಗಳಕ್ಕೆ

ಕೊಲಂಬಿಯಾ ದೇಶದ ಕಾಲಿ ನಗರದ ಡಯಾನಾ ಟ್ರುಹಿಯೊ ಅಮೆರಿಕದ ಮಿಯಾಮಿಗೆ ಬಂದಿಳಿದಾಗ ಆಕೆಗೆ ವಯಸ್ಸು 17. ಕೈಯಲ್ಲಿದ್ದುದು 300 ಡಾಲರ್. ಇಂಗ್ಲಿಷ್ ಬಾರದು. ಹೊಟ್ಟೆಪಾಡಿಗೆ ಕಂಡವರ ಮನೆ ಗುಡಿಸಿ ಒರೆಸುವ ಕೆಲಸ. ಇಂಥ ಹುಡುಗಿಯನ್ನು ಯಾವ ಎಂಜಿನಿಯರಿಂಗ್ ಕಾಲೇಜು ತಾನೇ ಸೇರಿಸಿಕೊಂಡೀತು? ಸೇರಿಸಿಕೊಂಡದ್ದು ಊರಿನ ಕಮ್ಯೂನಿಟಿ ಕಾಲೇಜು. ಇಂಗ್ಲಿಷ್ ಕಲಿಯುವುದರಿಂದಲೇ ಆಕೆಯ ಓದು ಆರಂಭವಾಯಿತು.

ಬಡವರ, ವಲಸೆಗಾರರ ಪಾಲಿನ ಬಾಗಿಲು ಎನಿಸಿಕೊಂಡಿರುವ ಈ ಕಾಲೇಜುಗಳು ಹುಟ್ಟಿದ್ದು ಮಾತ್ರ ಬೇರೆಯೇ ಉದ್ದೇಶಕ್ಕೆ. ಪದವಿಯ ಮೊದಲೆರಡು ವರ್ಷಗಳ ಪಾಠ ಹೈಸ್ಕೂಲಿನ ಮುಂದುವರಿಕೆಯಷ್ಟೇ ಎಂಬುದು ಷಿಕಾಗೊ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ ಅವರ ವಾದವಾಗಿತ್ತು. ಆ ಹೊರೆಯನ್ನು ಹೊರಗೆ ಸಾಗಿಸಿದರೆ ವಿಶ್ವವಿದ್ಯಾಲಯ ಉನ್ನತ ವ್ಯಾಸಂಗಕ್ಕೆ ಮೀಸಲಾದೀತೆಂಬ ಲೆಕ್ಕಾಚಾರ. ಅವರ ಪ್ರೇರಣೆಯಿಂದ 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನ ಹೈಸ್ಕೂಲಿನಲ್ಲಿ ಆರು ವಿದ್ಯಾರ್ಥಿಗಳೊಂದಿಗೆ ಮೊದಲ ಸಾರ್ವಜನಿಕ ಜೂನಿಯರ್ ಕಾಲೇಜು ತೆರೆಯಿತು.

ಎರಡನೇ ಮಹಾಯುದ್ಧ ಈ ಚಿತ್ರವನ್ನು ಬದಲಿಸಿತು. ಮರಳಿದ ಸೈನಿಕರಿಗೆ ಸರ್ಕಾರಿ ವೆಚ್ಚದಲ್ಲಿ ಓದುವ ಹಕ್ಕನ್ನು 1944ರ ಕಾಯಿದೆ ನೀಡಿತು. ಊರೂರಿಗೂ ಕಡಿಮೆ ಖರ್ಚಿನ ಕಾಲೇಜು ಬೇಕೆಂದು ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗ 1947ರಲ್ಲಿ ಹೇಳಿತು. ‘ಕಮ್ಯೂನಿಟಿ ಕಾಲೇಜು’ ಎಂಬ ಹೆಸರು ಬಳಕೆಗೆ ಬಂದದ್ದು ಆಗಲೇ.

ಡಯಾನಾ ಓದಿದ ಮಿಯಾಮಿ ಡೇಡ್ ಕಾಲೇಜು ಆರಂಭವಾದದ್ದು 1960ರಲ್ಲಿ. ಕ್ಯೂಬಾದ ಕ್ರಾಂತಿಯ ನಂತರ ಸಮುದ್ರ ದಾಟಿ ಬಂದ ನಿರಾಶ್ರಿತರೂ ಅದರ ಮೊದಲ ವಿದ್ಯಾರ್ಥಿಗಳಲ್ಲಿದ್ದರು. ತಾತ್ಕಾಲಿಕ ಕಟ್ಟಡಗಳಲ್ಲಿ ಪಾಠ ನಡೆಯುತ್ತಿದ್ದುದರಿಂದ ಜನ ಅದನ್ನು ‘ಕೋಳಿಗೂಡು ಕಾಲೇಜು’ ಎಂದು ತಮಾಷೆ ಮಾಡುತ್ತಿದ್ದರಂತೆ!

ಇಲ್ಲಿ ಕ್ಯಾಲ್ಕುಲಸ್, ಭೌತಶಾಸ್ತ್ರಗಳನ್ನು ಮುಗಿಸಿದವರು ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಹೋಗಬಹುದು. ನಮ್ಮಲ್ಲಿ ಪಾಲಿಟೆಕ್ನಿಕ್ ಡಿಪ್ಲೊಮಾ ಪಡೆದವರು ನೇರವಾಗಿ ಎರಡನೇ ವರ್ಷದ ಬಿ.ಇ.ಗೆ ಸೇರುವುದನ್ನು ನೆನಪಿಸಿಕೊಂಡರೆ ವ್ಯವಸ್ಥೆ ಅರ್ಥವಾದೀತು. ಫ್ಲಾರಿಡಾ ರಾಜ್ಯವಂತೂ 1971ರಲ್ಲೇ ತನ್ನ ಕಾಲೇಜು, ವಿಶ್ವವಿದ್ಯಾಲಯಗಳ ನಡುವೆ ಈ ಬಗ್ಗೆ ಒಪ್ಪಂದ ಮಾಡಿಸಿತು. ಇಂಥ ಒಪ್ಪಂದ ಕೇವಲ ಕಾಗದದ ವ್ಯವಹಾರವಲ್ಲ. ಅದಿಲ್ಲದಿದ್ದರೆ, ಹಗಲು ದುಡಿದು ಸಂಜೆ ಕಲಿತ ಪಾಠವನ್ನು ಇನ್ನೊಂದು ಕಡೆ ಮತ್ತೆ ದುಡ್ಡು ಕಟ್ಟಿ ಕಲಿಯಬೇಕಾಗುತ್ತದೆ.

ಆದರೂ ದಾರಿ ಸಲೀಸಲ್ಲ. ಮಿಯಾಮಿಯ ಕಾಲೇಜು ತೆರೆದ 1960ರಲ್ಲೇ ಸಮಾಜಶಾಸ್ತ್ರಜ್ಞ ಬರ್ಟನ್ ಕ್ಲಾರ್ಕ್ ಕಟುವಾದ ಪ್ರಬಂಧವೊಂದನ್ನು ಪ್ರಕಟಿಸಿದರು. ಎಲ್ಲರನ್ನೂ ಒಳಗೆ ಕರೆಯುವ ಈ ಕಾಲೇಜುಗಳು ಅನೇಕರ ದೊಡ್ಡ ಆಸೆಯನ್ನು ಮೆಲ್ಲನೆ ತಣ್ಣಗಾಗಿಸಿ, ಚಿಕ್ಕ ಕೋರ್ಸಿನತ್ತ ತಿರುಗಿಸುತ್ತವೆ. ಸೋತದ್ದು ತಮ್ಮದೇ ತಪ್ಪೆಂದು ವಿದ್ಯಾರ್ಥಿ ನಂಬುತ್ತಾನೆ ಎಂಬುದು ಅವರ ವಿಶ್ಲೇಷಣೆ. ಅದನ್ನು ತಳ್ಳಿಹಾಕುವಂತಿಲ್ಲ. ವಿಶ್ವವಿದ್ಯಾಲಯದ ಕನಸು ಹೊತ್ತು ಬಂದವರಲ್ಲಿ ಎಷ್ಟೋ ಮಂದಿ ಇಂದಿಗೂ ಅಲ್ಲಿಗೆ ತಲುಪುವುದಿಲ್ಲ. ಮನೆ ಬಾಡಿಗೆ ಕಟ್ಟಲು ದುಡಿಯುವವರು ವರ್ಷಕ್ಕೆ ಮೂರು ನಾಲ್ಕು ವಿಷಯ ಮುಗಿಸಿದರೆ ಹೆಚ್ಚು.

ಡಯಾನಾ ತಲುಪಿದವರು. ಮಿಯಾಮಿಯಿಂದ ಫ್ಲಾರಿಡಾ ವಿಶ್ವವಿದ್ಯಾಲಯಕ್ಕೆ, ಅಲ್ಲಿಂದ ಮೇರಿಲ್ಯಾಂಡ್ ವಿಶ್ವವಿದ್ಯಾಲಯಕ್ಕೆ ಹೋಗಿ ಪದವಿ ಪಡೆದು 2008ರಲ್ಲಿ ನಾಸಾ ಸೇರಿದರು. 2012ರಲ್ಲಿ ಮಂಗಳನ ಮೇಲಿಳಿದ ಕ್ಯೂರಿಯಾಸಿಟಿ ವಾಹನದಲ್ಲಿ ಅವರಿಗೆ ವಹಿಸಿದ್ದ ಹೊಣೆಗಳಲ್ಲಿ ಒಂದು, ಬಂಡೆಗಳ ಮೇಲಿನ ಕೆಂಪು ಧೂಳನ್ನು ಗುಡಿಸುವ ಲೋಹದ ಬ್ರಷ್. 2013ರ ಜನವರಿಯಲ್ಲಿ ಅದು ಮೊದಲ ಬಾರಿಗೆ ಮಂಗಳನ ಬಂಡೆಯೊಂದನ್ನು ಗುಡಿಸಿತು.

2021ರ ಫೆಬ್ರುವರಿ 18ರಂದು ಪರ್ಸಿವಿಯರೆನ್ಸ್ ವಾಹನ ಮಂಗಳನಲ್ಲಿ ಇಳಿಯುವುದನ್ನು ನಾಸಾ ಸ್ಪ್ಯಾನಿಷ್ ಭಾಷೆಯಲ್ಲೂ ನೇರಪ್ರಸಾರ ಮಾಡಿತು. ಗ್ರಹವೊಂದರ ಮೇಲೆ ಇಳಿಯುವ ಕಾರ್ಯಕ್ರಮ ಆ ಭಾಷೆಯಲ್ಲಿ ಬಿತ್ತರವಾದದ್ದು ಅದೇ ಮೊದಲು. ಅದನ್ನು ನಡೆಸಿಕೊಟ್ಟವರು ಡಯಾನಾ.